ಉಪ್ಪಾಗೆ ಮರ ಉಳಿದರೆ ನಮ್ಮ ಗಳಿಕೆಯೂ ಉಳಿದೀತು



ಮಳೆಗಾಲ ಬಂತೆಂದರೆ ಶಿರಸಿ, ಸಿದ್ದಾಪುರ ಕಡೆಯ ಎಷ್ಟೋ ಮನೆಗಳಲ್ಲಿ ಉಪ್ಪಾಗೆ ಸಿಪ್ಪೆ ಒಣಗಿಸುವ ಹೊಗೆ ಏಳುತ್ತದೆ. ಮಕ್ಕಳ ಪುಸ್ತಕ, ಸಂಘದ ಸಾಲದ ಕಂತು ಆ ದುಡ್ಡಿನಿಂದಲೇ ಆಗಬೇಕು. ಹಾಗಾಗಿ ಈ ಮರದ ಮಾತೆಂದರೆ ನಮ್ಮ ಮನೆಯ ಲೆಕ್ಕದ ಮಾತೇ.

ಉಪ್ಪಾಗೆ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ. ಜೋರು ಮಳೆ, ನೆರಳು, ತೇವದ ನೆಲ ಇದಕ್ಕೆ ಇಷ್ಟ. ಸಾಮಾನ್ಯವಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಗಿಡ ಫಲ ಕೊಡಲು ಹತ್ತು ವರ್ಷದ ಆಸುಪಾಸು ಬೇಕು.

ಹಿಂದೆ ಜನ ಮೀನುಸಾರಿಗೆ ಸಿಪ್ಪೆ, ಅಡಿಗೆಗೆ ಬೀಜದ ತುಪ್ಪ ಎಂದು ಬೇಕಾದಷ್ಟೇ ತರುತ್ತಿದ್ದರು. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಮಾತ್ರೆಗಳಿಗಾಗಿ ಹೊರದೇಶದಿಂದ ಬೇಡಿಕೆ ಬಂತು, ದರ ಏರಿತು, ಪೈಪೋಟಿ ಶುರುವಾಯಿತು. ಹಣ್ಣಾಗುವ ಮೊದಲೇ ಕೊಯ್ಲು, ಕೈಗೆ ಸಿಗದ ಕೊಂಬೆಗೆ ಕತ್ತಿ. ಕಡಿದ ಕೊಂಬೆಯಲ್ಲಿ ಮುಂದಿನ ವರ್ಷ ಕಾಯಿ ಎಲ್ಲಿಂದ ಬರಬೇಕು? ಎಲ್ಲ ಬೀಜವೂ ಮನೆಗೆ ಬಂದರೆ ಕಾಡಿನಲ್ಲಿ ಸಸಿ ಹೇಗೆ ಏಳಬೇಕು? ಒಣಗಿಸುವ ಸೌದೆಯೂ ಅದೇ ಕಾಡಿನದು. ಸಿಂಗಳೀಕಕ್ಕೂ ಈ ಹಣ್ಣೇ ಆಹಾರ. ಅದರ ರಕ್ಷಣೆಗೆಂದೇ 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು.

“ನಾವು ಬಿಟ್ರೆ ಬೇರೆಯವರು ಕೊಯ್ತಾರೆ ಸಿಸ್ಟರ್” ಅಂತೀರಿ. ಮಾತು ನಿಜ. ಒಬ್ಬಳೇ ಬಿಟ್ಟರೆ ಅವಳಿಗೇ ನಷ್ಟ. ಸಂಘ ಇರುವುದು ಅದಕ್ಕೇ ಅಲ್ಲವೇ? ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ನಾವು ಮರಕ್ಕೂ ನಿಲ್ಲೋಣ. ಗ್ರಾಮ ಅರಣ್ಯ ಸಮಿತಿಯವರನ್ನೂ ವಾರದ ಸಭೆಗೆ ಕರೆದು, ಈ ತೀರ್ಮಾನಗಳನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕೋಣ:

* ಹಣ್ಣು ಹಳದಿಯಾಗುವವರೆಗೆ ಯಾರೂ ಕೊಯ್ಯುವುದಿಲ್ಲ.
* ಕೊಂಬೆಗೆ ಕತ್ತಿ ಹಾಕುವುದಿಲ್ಲ.
* ಪ್ರತಿ ಮರದಲ್ಲೂ ಸ್ವಲ್ಪ ಹಣ್ಣನ್ನು ಪ್ರಾಣಿಗಳಿಗೆ, ಬೀಜಕ್ಕೆ ಬಿಡುತ್ತೇವೆ.
* ಕಡಿಮೆ ಸೌದೆ ಬೇಡುವ ಒಲೆಯಲ್ಲಿ ಸೇರಿ ಒಣಗಿಸಿ, ಸೇರಿ ಮಾರುತ್ತೇವೆ.
* ಹಿತ್ತಲಲ್ಲಿ ಕಸಿ ಗಿಡ ನೆಡುತ್ತೇವೆ. ಒಳ್ಳೆಯ ಹೆಣ್ಣು ಮರದ ಕುಡಿಯಿಂದ ಕಸಿ ಮಾಡಿದರೆ ಫಲ ಬೇಗ ಬರುತ್ತದೆ.

ಮೊದಲ ವರ್ಷ ದುಡ್ಡು ಸ್ವಲ್ಪ ಕಮ್ಮಿ ಬಂದೀತು. ಆದರೆ ಉಳಿತಾಯ ಅಂದರೇನು ಅಂತ ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಮರದ ಮೇಲೆ ಬಿಟ್ಟ ಹಣ್ಣೂ ಉಳಿತಾಯವೇ. ಅದರ ಬಡ್ಡಿ ನಮ್ಮ ಹೆಣ್ಣುಮಕ್ಕಳಿಗೆ ಸಿಗಲಿ.