ಮನೆಯ ಮಣೆಯಿಂದ ಲೋಕದ ಮಾರುಕಟ್ಟೆಗೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಸಮಿತಿಯವರು ಫೋನ್ ಮಾಡಿ, “ನೀವು ಇಂಜಿನಿಯರು, ಸ್ಟಾರ್ಟಪ್ ಬಗ್ಗೆ ಮಾತಾಡಿ, ಮಕ್ಕಳಿಗೆ ಸ್ಫೂರ್ತಿ ಸಿಗಲಿ” ಎಂದರು. ಸ್ಟಾರ್ಟಪ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರು, ಗಾಜಿನ ಕಟ್ಟಡ, ಲ್ಯಾಪ್‌ಟಾಪ್. ನಾನು ಇವತ್ತು ಅಲ್ಲಿಗೆ ಹೋಗುವುದಿಲ್ಲ. ನಮ್ಮೆಲ್ಲರ ಮನೆಯಲ್ಲಿ ಇರುವ ಒಂದು ವಸ್ತುವಿನ ಬಗ್ಗೆ ಹೇಳುತ್ತೇನೆ. ಅದು ಗಂಧದ ಕಡ್ಡಿ.

1948ರಲ್ಲಿ ಮೈಸೂರಿನಲ್ಲಿ ಎನ್. ರಂಗರಾವ್ ಎಂಬವರು ಊದುಬತ್ತಿ ತಯಾರಿಕೆ ಶುರುಮಾಡಿದರು. ಅದಕ್ಕೂ ಮೊದಲು ಅವರು ನೀಲಗಿರಿಯ ಅರುವಂಕಾಡಿನಲ್ಲಿ ನೌಕರಿಯಲ್ಲಿದ್ದವರು. ದೊಡ್ಡ ಬಂಡವಾಳದ ಮನೆತನವಲ್ಲ. ಮನೆಮಟ್ಟದಲ್ಲಿ ಆರಂಭವಾದ ಆ ಕೆಲಸವೇ ಇಂದಿನ ಎನ್. ರಂಗರಾವ್ ಅಂಡ್ ಸನ್ಸ್, ಅಂದರೆ ನಾವೆಲ್ಲ ಬಲ್ಲ ಸೈಕಲ್ ಬ್ರಾಂಡ್. ಈಗ ಆ ಸಂಸ್ಥೆಯ ಕಡ್ಡಿ 65ಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತದೆ. ಕುಟುಂಬದ ಮೂರನೆಯ ತಲೆಮಾರು ಅದನ್ನು ನಡೆಸುತ್ತಿದೆ.

ಇದು ಹೇಗೆ ಸಾಧ್ಯವಾಯಿತು? ನಾನು ವ್ಯಾಪಾರಿಯಲ್ಲ, ಇಂಜಿನಿಯರನ ಕಣ್ಣಿನಿಂದ ನೋಡಿದಾಗ ನನಗೆ ಮೂರು ವಿಷಯ ಕಾಣುತ್ತವೆ.

ಮೊದಲನೆಯದು ಹೆಸರು. ಸೈಕಲ್ ಜನರಿಗೆ ಪರಿಚಿತವಾದ ವಾಹನ. ಯಾವ ಭಾಷೆಯವರೂ ಆ ಹೆಸರನ್ನು ಹೇಳಬಲ್ಲರು. ಓದು ಬಾರದ ಅಜ್ಜಿಯೂ ಅಂಗಡಿಯಲ್ಲಿ ಚಿತ್ರ ತೋರಿಸಿ “ಅದನ್ನು ಕೊಡಪ್ಪ” ಎನ್ನಬಹುದು. ಕೊಳ್ಳುವವರ ಜಾಗದಲ್ಲಿ ನಿಂತು ಯೋಚಿಸುವುದು ಎಂದರೆ ಇದೇ.

ಎರಡನೆಯದು ಒಂದೇ ತೆರನಾದ ಗುಣಮಟ್ಟ. ಒಳ್ಳೆಯ ಕಡ್ಡಿಯನ್ನು ಒಮ್ಮೆ ಯಾರು ಬೇಕಾದರೂ ಮಾಡಬಹುದು. ಮೈಸೂರಿನಲ್ಲಿ ಕೊಂಡ ಪೊಟ್ಟಣಕ್ಕೂ ದುಬೈಯಲ್ಲಿ ಕೊಂಡ ಪೊಟ್ಟಣಕ್ಕೂ ಪರಿಮಳ ಒಂದೇ ಇರಬೇಕು, ಹತ್ತು ವರ್ಷ ಬಿಟ್ಟು ಕೊಂಡರೂ ಅದೇ ಇರಬೇಕು ಎಂದರೆ ಅದು ಬೇರೆಯೇ ವಿದ್ಯೆ. ಸುಗಂಧ ಬೆರೆಸುವ ಆ ವಿದ್ಯೆಯನ್ನು ರಂಗರಾಯರ ಕುಟುಂಬ ತನ್ನ ಕೈಯಲ್ಲೇ ಇಟ್ಟುಕೊಂಡು ಮುಂದಿನವರಿಗೆ ಕಲಿಸಿತು.

ಮೂರನೆಯದು ಗೊತ್ತಿಲ್ಲದ್ದನ್ನು ಕಲಿಯುವ ಧೈರ್ಯ. ಇದೇ ಕುಟುಂಬ ಮುಂದೆ ರಂಗ್‌ಸನ್ಸ್ ಎಲೆಕ್ಟ್ರಾನಿಕ್ಸ್ ಕಟ್ಟಿತು. ಅದರ ಬಹುಪಾಲು ಷೇರನ್ನು 2015ರಲ್ಲಿ ಹೈದರಾಬಾದಿನ ಸಯೆಂಟ್ ಕಂಪನಿ ಕೊಂಡಿತು. ಸಯೆಂಟ್ ಡಿಎಲ್ಎಂ ಎಂಬ ಹೆಸರಿನಲ್ಲಿ ಅದು 2023ರಲ್ಲಿ ಷೇರುಪೇಟೆಗೂ ಬಂತು. ಗಂಧದ ಕಡ್ಡಿಯ ಮನೆಯವರು ವಿಮಾನ ಮತ್ತು ರಕ್ಷಣಾ ಕ್ಷೇತ್ರಕ್ಕೆ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಮಟ್ಟಕ್ಕೆ ಬೆಳೆದರು. ಇದೆಲ್ಲ ನಡೆದದ್ದು ನಮ್ಮ ಮೈಸೂರಿನಲ್ಲೇ, ಮಕ್ಕಳೇ.

ಇಲ್ಲಿಗೆ ಮಾತು ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಆದರೆ ಉದಯಗಿರಿಯಲ್ಲಿ ನಿಂತು ಇಷ್ಟೇ ಹೇಳಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಉಳಿದರ್ಧ ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದೆ.

ನಾನು ಈ ಶಾಲೆಯಲ್ಲಿ ಓದುವಾಗ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಒಂದೋ ಬೀಡಿ ಕಟ್ಟುತ್ತಿದ್ದರು, ಇಲ್ಲವೇ ಕಡ್ಡಿ ಹೊಸೆಯುತ್ತಿದ್ದರು. ನಮ್ಮ ಅಮ್ಮಿ ಕಡ್ಡಿ ಹೊಸೆಯುತ್ತಿದ್ದರು. ಇದ್ದಿಲ ಪುಡಿ, ಜಿಗಟು ಪುಡಿ, ನೀರು ಹಾಕಿ ಚಪಾತಿ ಹಿಟ್ಟಿನ ಹಾಗೆ ಕಲಸಿ, ತಗ್ಗಿನ ಮಣೆಯ ಮುಂದೆ ಕೂತು, ಬಿದಿರು ಕಡ್ಡಿಯ ಮೇಲೆ ಅಂಗೈಯಿಂದ ಒಂದೇ ಸಮನೆ ಉಜ್ಜಬೇಕು. ಆ ಕಡ್ಡಿಗೆ ವಾಸನೆಯಿಲ್ಲ. ಪರಿಮಳ ಸೇರುವುದು ಆಮೇಲೆ, ಕಾರ್ಖಾನೆಯಲ್ಲಿ. ನಮ್ಮ ಮನೆಯಲ್ಲಿ ಇದ್ದದ್ದು ಕರಿ ಪುಡಿ ಮಾತ್ರ. ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಕಪ್ಪು ಬೆರಳ ಗುರುತು ನೋಡಿ ಗಣಿತದ ಮೇಷ್ಟ್ರು ಬೈಯಲಿಲ್ಲ. “ಎಷ್ಟು ಸಾವಿರ ಆಯ್ತೋ ನೆನ್ನೆ?” ಎಂದು ಕೇಳಿ, ಅದನ್ನೇ ಲೆಕ್ಕವಾಗಿ ಬೋರ್ಡಿನ ಮೇಲೆ ಬರೆಸಿದರು.

ಲೆಕ್ಕ ಸುಲಭವಿತ್ತು. ಸಾವಿರ ಕಡ್ಡಿಗೆ ಹತ್ತು ಹನ್ನೆರಡು ರೂಪಾಯಿ. ದಿನಕ್ಕೆ ಮೂರು, ಕಷ್ಟಪಟ್ಟರೆ ನಾಲ್ಕು ಸಾವಿರ. ಸಂಜೆ ಮೇಸ್ತ್ರಿ ಬಂದು ಕಟ್ಟು ಬಿಚ್ಚಿ ನೋಡಿ, ಒಂದಷ್ಟನ್ನು ಪಕ್ಕಕ್ಕೆ ತೆಗೆದು “ಇದು ಬೇಡ” ಎನ್ನುತ್ತಿದ್ದ. ಯಾಕೆ ಬೇಡ ಎಂದು ಹೇಳುತ್ತಿರಲಿಲ್ಲ. ಆ ಕಡ್ಡಿಗೆ ಕೂಲಿಯೂ ಇಲ್ಲ. ಅವು ಯಾವ ಕಂಪನಿಗೆ, ಯಾವ ಊರಿಗೆ ಹೋಗುತ್ತವೆ ಎಂಬುದೂ ನಮಗೆ ಗೊತ್ತಿರಲಿಲ್ಲ. ದೇವರ ಮನೆಯಲ್ಲಿ ಉರಿಯುತ್ತವೋ ದರ್ಗಾದಲ್ಲಿ ಉರಿಯುತ್ತವೋ, ಹೊಸೆದ ಕೈಗೆ ತಿಳಿಯುವ ದಾರಿಯಿರಲಿಲ್ಲ.

ಆಮೇಲೆ ಯಂತ್ರ ಬಂತು. ವಿಯೆಟ್ನಾಂನಿಂದ ಹೊಸೆದ ಕಡ್ಡಿಯೇ ಬರತೊಡಗಿತು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಊದುಬತ್ತಿಯ ಆಮದಿಗೆ ನಿರ್ಬಂಧ ಹಾಕಿತು. 2020ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕವನ್ನು 10ರಿಂದ 25 ಶೇಕಡಕ್ಕೆ ಏರಿಸಿತು. ಅಷ್ಟರಲ್ಲಿ ನಮ್ಮ ಮನೆಯ ಮಣೆ ಅಟ್ಟ ಸೇರಿತ್ತು. ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ್ದೆ. ಆ ಮಣೆಯ ದುಡ್ಡಿನಲ್ಲೇ ಓದಿದ್ದೆ ಎನ್ನುವುದನ್ನು ಮಾತ್ರ ಆಫೀಸಿನಲ್ಲಿ ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಇವತ್ತು ಇಲ್ಲಿ ಹೇಳುತ್ತಿದ್ದೇನೆ.

ನನ್ನ ಕೆಲಸ ಏನು ಗೊತ್ತೇ? ಕಾರ್ಖಾನೆಗಳಲ್ಲಿ ಕ್ಯಾಮೆರಾ ಇಟ್ಟು, ತಯಾರಾದ ಬಿಡಿಭಾಗಗಳಲ್ಲಿ ಯಾವುದು ಸರಿ, ಯಾವುದು ಸರಿಯಿಲ್ಲ ಎಂದು ಹೇಳುವ ಸಾಫ್ಟ್‌ವೇರ್ ಬರೆಯುವುದು. ಒಂದು ರಜೆಯಲ್ಲಿ ಊರಿಗೆ ಬಂದಾಗ ಅಮ್ಮಿಗೆ ಮೊಬೈಲಿನಲ್ಲಿ ಅದರ ವಿಡಿಯೋ ತೋರಿಸಿದೆ. ಹೆಮ್ಮೆಪಡುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ನೋಡಿ, “ಹಾಗಾದ್ರೆ ನೀನೂ ಮೇಸ್ತ್ರಿ ಕೆಲಸಾನೇ ಮಾಡೋದಾ ಬೇಟಾ?” ಎಂದರು. ಆಮೇಲೆ, “ಯಾಕೆ ಬೇಡ ಅಂತ ಮಾಡಿದವರಿಗೆ ಹೇಳ್ತೀಯಾ?” ಎಂದು ಕೇಳಿದರು.

ನಾನು ಹೇಳುತ್ತಿರಲಿಲ್ಲ. ತೆರೆಯ ಮೇಲೆ ಕೆಂಪು ಗುರುತು ಬರುತ್ತಿತ್ತು, ಅಷ್ಟೇ. ಬೆಂಗಳೂರಿಗೆ ಹೋದ ಮೇಲೆ ನಮ್ಮ ತಂಡದ ಮುಂದೆ ಈ ವಿಷಯ ಇಟ್ಟೆ. ಒಪ್ಪಿಸಲು ಕೆಲವು ತಿಂಗಳು ಹಿಡಿಯಿತು. ಈಗ ಯಂತ್ರದ ಮುಂದೆ ನಿಂತ ಕೆಲಸಗಾರರಿಗೆ ತಪ್ಪು ಎಲ್ಲಿದೆ, ಏಕೆ ಆಯಿತು ಎಂಬುದು ಅವರ ಭಾಷೆಯಲ್ಲೇ ಕಾಣುತ್ತದೆ. ತಪ್ಪಾದ ಮಾಲು ಕಡಿಮೆಯಾಯಿತು. ಬಿಇಯಲ್ಲಿ ಯಾರೂ ನನಗೆ ಹೇಳಿಕೊಡದ ಪಾಠವನ್ನು ಮಣೆಯ ಮುಂದೆ ಕೂತವರು ಹೇಳಿಕೊಟ್ಟರು.

ಇದಕ್ಕೇ ನಾನು ಹೇಳುವುದು: ಸಣ್ಣ ತಯಾರಿಕೆ ಲೋಕದ ಕಂಪನಿಯಾಗಿ ಬೆಳೆಯಲು ಒಬ್ಬರ ಬುದ್ಧಿ, ಧೈರ್ಯ ಬೇಕು. ಜೊತೆಗೆ ಸಾವಿರಾರು ಕೈಗಳೂ ಬೇಕು. ಮೈಸೂರು ಅಗರಬತ್ತಿಗೆ ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಹೆಸರಿನಲ್ಲಿ ಇರುವ ‘ಮೈಸೂರು’ ಎಂದರೆ ಅರಮನೆಯಷ್ಟೇ ಅಲ್ಲ, ಉದಯಗಿರಿಯ ಪಡಸಾಲೆಗಳೂ ಹೌದು.

ಮಕ್ಕಳೇ, ನಿಮ್ಮಲ್ಲಿ ಯಾರೋ ಒಬ್ಬರು ನಾಳೆ ಕಾರ್ಖಾನೆ ಕಟ್ಟುತ್ತೀರಿ. ಸರ್ಕಾರಿ ಶಾಲೆಯಲ್ಲಿ ಓದಿದ್ದು ಅದಕ್ಕೆ ಅಡ್ಡಿಯಲ್ಲ. ನಿಮ್ಮ ಮಾಲು ಹಡಗು ಹತ್ತಿದ ದಿನ ಎರಡು ಕೆಲಸ ಮಾಡಿ. ಅದು ಯಾವ ದೇಶಕ್ಕೆ ಹೋಯಿತು ಎಂದು ಅದನ್ನು ಮಾಡಿದವರಿಗೆ ಹೇಳಿ. “ಇದು ಬೇಡ” ಎನ್ನಬೇಕಾಗಿ ಬಂದರೆ, ಯಾಕೆ ಎಂಬುದನ್ನೂ ಹೇಳಿ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ತಿಂಗಳಿಗೊಂದು ಶನಿವಾರ ನಾನು ಬಂದು ಇಲ್ಲಿಯ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಲು ಸಿದ್ಧ. ನೀವು ಬಲ್ಲದ್ದನ್ನು ನೀವೂ ಬಂದು ಹೇಳಿಕೊಡಿ. ಟೈಲರಿಂಗ್ ಇರಲಿ, ವೆಲ್ಡಿಂಗ್ ಇರಲಿ, ಬ್ಯಾಂಕಿನ ಲೆಕ್ಕವಿರಲಿ. ನನ್ನ ಕಪ್ಪು ಬೆರಳನ್ನು ನೋಡಿ ಬೈಯದೆ ಲೆಕ್ಕ ಕಲಿಸಿದ ಈ ಶಾಲೆಗೆ ನಾವು ತೀರಿಸಬೇಕಾದ ಬಾಕಿ ದೊಡ್ಡದಿದೆ.

ಹಿಂದಿನ ಸಾಲಿನಲ್ಲಿ ಕೂತಿರುವ ನಮ್ಮ ಅಮ್ಮಿಗೂ, ಅವರ ಜೊತೆ ಕಡ್ಡಿ ಹೊಸೆದ, ಬೀಡಿ ಕಟ್ಟಿದ ಎಲ್ಲ ತಾಯಂದಿರಿಗೂ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.