ತೂಕದ ಲೆಕ್ಕ, ಉಸಿರಿನ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ತಂತ್ರಜ್ಞಾನ ಮತ್ತು ಆರೋಗ್ಯ’. ನಾನು ಡಾಕ್ಟರಲ್ಲ, ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದ್ದರಿಂದ ಅಷ್ಟು ದೊಡ್ಡ ವಿಷಯದೊಳಗಿಂದ ಅಳತೆಗೆ ಸಂಬಂಧಿಸಿದ ಒಂದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಮನುಷ್ಯನ ದೇಹ ದಿನಕ್ಕೆ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎಂಬುದನ್ನು ಹೇಗೆ ಅಳೆಯುತ್ತಾರೆ? ಅಳೆದವರಿಗೆ ಏನು ತಿಳಿಯಿತು?

ಈ ಪ್ರಶ್ನೆಯೇ ಏಕೆಂದರೆ, ದಪ್ಪಗಿರುವವರ ಬಗ್ಗೆ ನಾವೆಲ್ಲರೂ ಅಳೆಯದೆಯೇ ತೀರ್ಪು ಕೊಡುತ್ತೇವೆ. “ತಿನ್ನೋದು ಜಾಸ್ತಿ, ಮೈ ಬಗ್ಗಿಸಿ ಕೆಲಸ ಮಾಡಲ್ಲ” ಅನ್ನುವುದು ಮದುವೆ ಮನೆಯಲ್ಲೂ ಕೇಳಿಸುತ್ತದೆ, ತರಗತಿಯಲ್ಲೂ ಕೇಳಿಸುತ್ತದೆ. ಪ್ರತಿ ಬ್ಯಾಚಿನಲ್ಲೂ ಒಬ್ಬ ‘ಡುಮ್ಮ’ ಇರುತ್ತಾನೆ. ನಮ್ಮ ಬ್ಯಾಚಿನಲ್ಲೂ ಇದ್ದ. ಹಾಜರಿ ಪುಸ್ತಕದಲ್ಲಿದ್ದ ಅವನ ಹೆಸರು ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಮೊದಲು ಅಳೆಯುವ ವಿಧಾನ ನೋಡೋಣ. ನಾವು ತಿಂದ ಅನ್ನ, ಮುದ್ದೆ ದೇಹದಲ್ಲಿ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಉರಿಯುತ್ತದೆ. ಇದನ್ನು ತೋರಿಸಿಕೊಟ್ಟವರು ಫ್ರಾನ್ಸಿನ ಲವಾಸಿಯೆ ಮತ್ತು ಲಪ್ಲಾಸ್. 1780ರ ದಶಕದ ಆರಂಭದಲ್ಲಿ ಅವರು ಒಂದು ಗಿನಿಪಿಗ್ಗನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಇಟ್ಟು, ಎಷ್ಟು ಮಂಜುಗಡ್ಡೆ ಕರಗಿತು ಎಂದು ನೋಡಿ ಅದರ ಮೈಶಾಖವನ್ನು ಲೆಕ್ಕ ಹಾಕಿದರು. ಅದಾಗಿ ನೂರು ವರ್ಷ ಕಳೆದ ಮೇಲೆ, 1890ರ ದಶಕದಲ್ಲಿ, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ಅಟ್‌ವಾಟರ್ ಮತ್ತು ಭೌತವಿಜ್ಞಾನಿ ರೋಸಾ ಮನುಷ್ಯನಿಗಾಗಿಯೇ ಅಂಥ ಒಂದು ಕೋಣೆ ಕಟ್ಟಿದರು. ಒಳಗೆ ಮಂಚ, ಕುರ್ಚಿ, ಮೇಜು. ಊಟ ಒಂದು ಸಣ್ಣ ಕಿಂಡಿಯಿಂದ ಒಳಗೆ ಹೋಗುತ್ತಿತ್ತು. ಒಳಗಿದ್ದವನು ಕೆಲವು ದಿನ ಅಲ್ಲಿಯೇ ಇರಬೇಕು. ಅವನ ಮೈಯಿಂದ ಹೊರಟ ಶಾಖ, ಅವನು ಬಿಟ್ಟ ಉಸಿರು, ಎಲ್ಲವೂ ಲೆಕ್ಕಕ್ಕೆ ಸಿಗುತ್ತಿದ್ದವು. ಒಳಹೋದ ಶಕ್ತಿಗೂ ಹೊರಬಂದ ಶಕ್ತಿಗೂ ತಾಳೆಯಾಯಿತು. ಇವತ್ತು ಬಿಸ್ಕತ್ ಪೊಟ್ಟಣದ ಹಿಂದೆ ಅಚ್ಚಾಗಿರುವ ಕ್ಯಾಲೊರಿ ಸಂಖ್ಯೆಯ ಮೂಲ ಈ ಅಟ್‌ವಾಟರ್ ಅವರ ಕೆಲಸವೇ.

ಈಗಿನ ಕೋಣೆಗಳಲ್ಲಿ ಹೆಚ್ಚಾಗಿ ಶಾಖದ ಬದಲು ಗಾಳಿಯನ್ನು ಅಳೆಯುತ್ತಾರೆ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಪಾಲು. ಕೋಣೆಯಿಂದ ಹೊರಬರುವ ಗಾಳಿಯಲ್ಲಿ ಅದು ಎಷ್ಟು ಕಡಿಮೆಯಾಗಿದೆ, ಇಂಗಾಲದ ಡೈಆಕ್ಸೈಡ್ ಎಷ್ಟು ಹೆಚ್ಚಾಗಿದೆ ಎಂದು ಯಂತ್ರ ನೋಡುತ್ತಲೇ ಇರುತ್ತದೆ. ಒಂದು ಲೀಟರ್ ಆಮ್ಲಜನಕ ಬಳಸಿದರೆ ಹೆಚ್ಚುಕಡಿಮೆ 5 ಕಿಲೊಕ್ಯಾಲೊರಿ ಖರ್ಚಾದ ಹಾಗೆ. ಸುಮ್ಮನೆ ಮಲಗಿರುವ ವಯಸ್ಕ ನಿಮಿಷಕ್ಕೆ 200ರಿಂದ 250 ಮಿಲಿಲೀಟರ್ ಆಮ್ಲಜನಕ ಬಳಸುತ್ತಾನೆ. ಗುಣಿಸಿ ನೋಡಿದರೆ ದಿನಕ್ಕೆ 1,400 ಕಿಲೊಕ್ಯಾಲೊರಿಗಿಂತ ಮೇಲೆಯೇ ಆಗುತ್ತದೆ. ಏನೂ ಮಾಡದೆ ಮಲಗಿದ್ದರೂ ನಾವು ಹಳೆಯ 60 ವ್ಯಾಟ್ ಬಲ್ಬಿಗಿಂತ ತುಸು ಹೆಚ್ಚೇ ಉರಿಯುತ್ತೇವೆ. ಎಂಜಿನಿಯರನಾಗಿ ನನಗೆ ಬಹಳ ಹಿಡಿಸಿದ್ದು ಬೇರೆ ಸಂಗತಿ. ಕೋಣೆ ಸರಿಯಾಗಿ ಅಳೆಯುತ್ತಿದೆಯೇ ಎಂದು ತಿಳಿಯಲು ಒಳಗೆ ತೂಕ ಮಾಡಿದ ಆಲ್ಕೋಹಾಲನ್ನು ಉರಿಸುತ್ತಾರೆ. ಲೆಕ್ಕ ತಾಳೆಯಾದರೆ ಮಾತ್ರ ಮನುಷ್ಯನನ್ನು ಒಳಗೆ ಬಿಡುತ್ತಾರೆ.

ಇದೆಲ್ಲ ಪರದೇಶದ ಮಾತು ಅಂದುಕೊಳ್ಳಬೇಡಿ. ಕೆಂಗೇರಿಯಿಂದ ನೋಡಿದರೆ ಊರಿನ ಇನ್ನೊಂದು ತುದಿಯಲ್ಲಿ, ಕೋರಮಂಗಲದ ಪಕ್ಕ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿದೆ. ಅಲ್ಲಿ 1980ರ ದಶಕದಿಂದ ಡಾ. ಪ್ರಕಾಶ್ ಶೆಟ್ಟಿ, ಆಮೇಲೆ ಡಾ. ಅನುರ ಕುರ್ಪಾಡ್ ಮತ್ತು ಅವರ ಸಂಗಡಿಗರು ಇದೇ ಕೆಲಸ ಮಾಡಿದ್ದಾರೆ. ಆದರೆ ಅವರ ಮುಂದಿದ್ದ ಪ್ರಶ್ನೆ ಬೊಜ್ಜಿನದಲ್ಲ, ಹಸಿವಿನದು. ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ದುಡಿಯುವ ಕೂಲಿಯವನ ದೇಹ ಕಡಿಮೆ ಊಟಕ್ಕೆ ‘ಒಗ್ಗಿಕೊಂಡು’, ಕಡಿಮೆ ಶಕ್ತಿಯಲ್ಲೇ ಸಾಗುತ್ತದೆಯೇ? ಹೌದು ಅಂದರೆ, ಬಡವನಿಗೆ ಅಷ್ಟು ಊಟ ಬೇಕಿಲ್ಲ ಎಂದು ಯಾರಾದರೂ ವಾದ ಹೂಡಬಹುದು. ಅದಕ್ಕೇ ಇದು ಪ್ರಯೋಗಾಲಯದೊಳಗೇ ಉಳಿಯುವ ಪ್ರಶ್ನೆಯಾಗಿರಲಿಲ್ಲ. ಉಸಿರು ಅಳೆದು ನೋಡಿದಾಗ ಅವರ ದೇಹ ಕಡಿಮೆ ಶಕ್ತಿ ಬಳಸುತ್ತಿದ್ದುದು ನಿಜ. ಆದರೆ ಅದಕ್ಕೆ ಮುಖ್ಯ ಕಾರಣ ದೇಹವೇ ಚಿಕ್ಕದಾಗಿದ್ದದ್ದು. ಇದ್ದಷ್ಟು ಸ್ನಾಯು, ಅಂಗಾಂಗಗಳ ತೂಕಕ್ಕೆ ಹೋಲಿಸಿದರೆ ವಿಶೇಷ ಮಿತವ್ಯಯವೇನೂ ಕಾಣಲಿಲ್ಲ.

ಇನ್ನೊಂದು ನಂಬಿಕೆ, ಭಾರತೀಯರ ಚಯಾಪಚಯವೇ ನಿಧಾನ ಎನ್ನುವುದು. 1998ರಲ್ಲಿ ಸೋರೆಸ್, ಶೆಟ್ಟಿ ಮತ್ತಿತರರು ಭಾರತದ ಮತ್ತು ಆಸ್ಟ್ರೇಲಿಯಾದ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ದೇಹದ ರಚನೆಯ ವ್ಯತ್ಯಾಸ ಕಳೆದ ಮೇಲೆ ಜನಾಂಗದ ವ್ಯತ್ಯಾಸ ಏನೂ ಉಳಿಯಲಿಲ್ಲ. “ನಮ್ಮ ವಂಶವೇ ಹಾಗೆ, ನೀರು ಕುಡಿದರೂ ಮೈ ಬರುತ್ತೆ” ಅನ್ನುವವರು ಇದನ್ನು ಕೇಳಿಸಿಕೊಳ್ಳಬೇಕು. (ವಂಶದ ಪಾತ್ರ ಖಂಡಿತ ಇದೆ. ಆದರೆ ಅದರ ಹೆಚ್ಚಿನ ಪಾಲು ಹಸಿವು, ತೃಪ್ತಿಗಳನ್ನು ನಡೆಸುವ ಮೆದುಳಿನಲ್ಲಿದೆ.)

ಕೋಣೆಯಲ್ಲಿ ಕೂಡಿಹಾಕಿದ ಮನುಷ್ಯ ಮನೆಯಲ್ಲಿದ್ದಂತೆ ಇರುವುದಿಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಇನ್ನೊಂದು ಉಪಾಯ ಇದೆ. ಜಲಜನಕ ಮತ್ತು ಆಮ್ಲಜನಕದ ಸ್ವಲ್ಪ ಭಾರವಾದ ಪರಮಾಣುಗಳಿರುವ ನೀರನ್ನು ಒಂದು ಲೋಟ ಕುಡಿಸುತ್ತಾರೆ. ಅದರಲ್ಲಿ ವಿಕಿರಣ ಇಲ್ಲ, ಅಪಾಯವೂ ಇಲ್ಲ. ಆಮೇಲೆ ಎರಡು ವಾರ ಅವರು ತಮ್ಮ ಪಾಡಿಗೆ ಕೆಲಸಕ್ಕೆ ಹೋಗಬಹುದು, ಮೂತ್ರದ ಮಾದರಿ ಕೊಟ್ಟರೆ ಸಾಕು. ಭಾರದ ಜಲಜನಕ ನೀರಾಗಿ ಮಾತ್ರ ಹೊರಹೋಗುತ್ತದೆ; ಭಾರದ ಆಮ್ಲಜನಕ ನೀರಾಗಿಯೂ ಉಸಿರಿನ ಇಂಗಾಲದ ಡೈಆಕ್ಸೈಡಾಗಿಯೂ ಹೋಗುತ್ತದೆ. ಎರಡರ ವ್ಯತ್ಯಾಸವೇ ಉಸಿರಿನ ಲೆಕ್ಕ, ಅಂದರೆ ಖರ್ಚಾದ ಶಕ್ತಿಯ ಲೆಕ್ಕ. ಬೆಂಗಳೂರಿನ ಜನರನ್ನೇ ಹೀಗೆ ಅಳೆದ ವರದಿಯನ್ನು ಸೇಂಟ್ ಜಾನ್ಸ್‌ನವರು 1997ರಲ್ಲಿ ಪ್ರಕಟಿಸಿದರು.

ಹಸಿವಿಗಾಗಿ ಕಲಿತ ಅಳತೆ ಈಗ ಬೊಜ್ಜಿಗೂ ಬೇಕಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿ ಮೀರಿದೆ. ಬದಲಾದದ್ದು ಏನು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಪಟ್ಟಿ ನೋಡಿ. ಮಧ್ಯಮ ಶ್ರಮದ ಗಂಡಸಿಗೆ ದಿನಕ್ಕೆ 2,710 ಕಿಲೊಕ್ಯಾಲೊರಿ ಬೇಕು, ಕುಳಿತು ಕೆಲಸ ಮಾಡುವವನಿಗೆ 2,110. ವ್ಯತ್ಯಾಸ 600, ಸುಮಾರು 170 ಗ್ರಾಂ ಅಕ್ಕಿಯಷ್ಟು. ರಾಜಾಜಿನಗರದ ಕಾರ್ಖಾನೆಗಳಲ್ಲಿ ದಿನವಿಡೀ ನಿಂತು ದುಡಿದ ತಲೆಮಾರಿನ ತಟ್ಟೆಯೇ ಕುರ್ಚಿಯಲ್ಲಿ ಕೂರುವ ನನ್ನ ತಲೆಮಾರಿಗೂ ಬಂದಿದೆ. ಅದರ ಮೇಲೆ ವಿಜಯನಗರದ ತಿಂಡಿ ಬೀದಿ ಬೇರೆ. ಬಿಡಿ, ಅದನ್ನು ಬೈಯುವ ಮನಸ್ಸು ನನಗಿಲ್ಲ.

ಹಾಗಾದರೆ ಕಡಿಮೆ ತಿಂದು ಇಳಿಸಿದರಾಯಿತಲ್ಲ? ಇಲ್ಲೇ ಈ ಅಳತೆಗಳು ಕಣ್ಣು ತೆರೆಸುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ, ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾರಿ ತೂಕ ಇಳಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಅಳೆದು 2016ರಲ್ಲಿ ವರದಿ ಮಾಡಿತು. ಹೆಚ್ಚಿನವರಿಗೆ ಹೋದ ತೂಕದ ಬಹುಪಾಲು ವಾಪಸ್ ಬಂದಿತ್ತು. ಆದರೂ ಅವರ ದೇಹ ಆ ಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಕಡಿಮೆ ಖರ್ಚು ಮಾಡುತ್ತಿತ್ತು. ಕಳೆದುಕೊಂಡ ಕೊಬ್ಬನ್ನು ದೇಹ ಬರಗಾಲವೆಂದು ತಿಳಿದು ಕೈ ಬಿಗಿ ಹಿಡಿದಿತ್ತು. ಅದೇ ತಂಡ 2019ರಲ್ಲಿ 20 ಮಂದಿಯನ್ನು ಸಂಸ್ಥೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಸಿದ್ಧವಾದ ಪೊಟ್ಟಣದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟಿತು. ಎರಡರಲ್ಲೂ ಎದುರಿಗಿಟ್ಟ ಸಕ್ಕರೆ, ಕೊಬ್ಬು, ನಾರು ಒಂದೇ ಪ್ರಮಾಣ, ಬೇಕಾದಷ್ಟು ತಿನ್ನಬಹುದು. ಪೊಟ್ಟಣದ ಆಹಾರ ಇದ್ದಾಗ ಅವರು ತಮಗೇ ಅರಿವಿಲ್ಲದೆ ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ತಿಂದರು. ಇದನ್ನು ಸೋಮಾರಿತನ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಚುಚ್ಚುಮದ್ದುಗಳ ಬಗ್ಗೆ ಕೆಲವರು ನನ್ನನ್ನು ಆಗಲೇ ಕೇಳಿದರು. ಹಸಿವನ್ನು ತಗ್ಗಿಸುವ ಆ ಔಷಧಿಗಳು 2025ರಲ್ಲಿ ನಮ್ಮ ಪೇಟೆಗೂ ಬಂದವು. ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಯಿತು. ನಿಲ್ಲಿಸಿದ ವರ್ಷದೊಳಗೆ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿ ಬಂತು. ಬಿ.ಪಿ. ಮಾತ್ರೆಯ ಹಾಗೆ ದೀರ್ಘಕಾಲದ ಚಿಕಿತ್ಸೆ ಅದು. ತೆಗೆದುಕೊಳ್ಳಬೇಕೋ ಬೇಡವೋ ಎಂದು ವೈದ್ಯರು ಹೇಳಬೇಕು, ವಾಟ್ಸಾಪ್ ಗುಂಪಲ್ಲ.

ಕೈಗಡಿಯಾರ ತೋರಿಸುವ ಕ್ಯಾಲೊರಿಯನ್ನೂ ಅಷ್ಟೊಂದು ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಅಂಥ 7 ಸಾಧನಗಳನ್ನು ಉಸಿರಿನ ಅಳತೆಗೆ ಹೋಲಿಸಿದಾಗ, ಅವುಗಳಲ್ಲಿ ಅತ್ಯುತ್ತಮವಾದದ್ದೇ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತ್ತು. ಅದರೊಳಗೆ ಇರುವುದು ನಮ್ಮಂಥವರು ಬರೆದ ಸೂತ್ರ, ಉಸಿರಿನ ಅಳತೆಯಲ್ಲ.

ಕೊನೆಯದಾಗಿ ಈ ಶಾಲೆಯ ಮಾತು. ಮಕ್ಕಳಿಗೆ ದೊಡ್ಡವರ ಬಿಎಂಐ ಮಿತಿ ಹೊಂದುವುದಿಲ್ಲ. ವಯಸ್ಸು, ಗಂಡು ಹೆಣ್ಣು ನೋಡಿ ಪಟ್ಟಿಯೊಡನೆ ಹೋಲಿಸಬೇಕು. ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಪಟ್ಟಿ ಇದೆ. 3ರಿಂದ 16 ವರ್ಷದ ನಮ್ಮ ನಗರದ ಮಕ್ಕಳ ಸೊಂಟದ ಸುತ್ತಳತೆಯ ಪಟ್ಟಿಯನ್ನು ಸೇಂಟ್ ಜಾನ್ಸ್‌ನವರೇ 2011ರಲ್ಲಿ ಕೊಟ್ಟಿದ್ದಾರೆ. ಈ ಕೆಲಸಕ್ಕೆ ಗಾಳಿ ಅಳೆಯುವ ಕೋಣೆ ಬೇಕಿಲ್ಲ. ಒಂದು ನಿಖರವಾದ ತೂಕದ ಯಂತ್ರ, ಎತ್ತರದ ಹಲಗೆ, ಒಂದು ಟೇಪು ಸಾಕು. ನಮ್ಮ ಬ್ಯಾಚಿನವರು ಈ ಮೂರನ್ನೂ ಶಾಲೆಗೆ ಕೊಡಲು ನಿರ್ಧರಿಸಿದ್ದೇವೆ. ಜೊತೆಗೆ ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಅಳತೆಯನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬೊಬ್ಬರಿಗೇ ತೆಗೆಯಲಿ, ಸಂಖ್ಯೆಯನ್ನು ಎಲ್ಲರ ಮುಂದೆ ಕೂಗದೆ ಚೀಟಿಯಲ್ಲಿ ಬರೆದು ಮನೆಗೆ ಕಳಿಸಲಿ. ಸಣಕಲು ಮಗುವಿಗೂ ದಪ್ಪ ಮಗುವಿಗೂ ಅದೇ ಚೀಟಿ. ರಿಜಿಸ್ಟರನ್ನು ಪ್ರತಿ ವರ್ಷ ಕಂಪ್ಯೂಟರಿಗೆ ಹಾಕಿ ಕೊಡುವ ಕೆಲಸ ನನ್ನದು. ಜೂನ್ ತಿಂಗಳ ಯಾವ ಶನಿವಾರ ಬರಬೇಕು ಎಂದು ಗುರುಗಳು ಹೇಳಿದರೆ ಸಾಕು.