ಹೊರಗಿನ ಕಲ್ಲು ಒಳಗೆ, ಒಳಗಿನ ಕಲ್ಲು ಹೊರಗೆ

ಬಂಗಾರಪೇಟೆಯಿಂದ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ರೈಲು ಹಾದಿ ಬಂದದ್ದು 1894ರಲ್ಲಿ. ಸುಮಾರು 16 ಕಿಲೋಮೀಟರುಗಳ ಈ ಪುಟ್ಟ ಪಯಣದಲ್ಲಿ ನೆಲದ ಕಲ್ಲು ಬಣ್ಣ ಬದಲಿಸುತ್ತದೆ. ಬಂಗಾರಪೇಟೆಯ ಸುತ್ತ ಬೂದು ಛಾಯೆಯ ಬಂಡೆಗಳು. ಗಣಿಯೂರಿನಲ್ಲಿ ಕಪ್ಪು ಬಣ್ಣದ ಗಡಸು ಕಲ್ಲು. ಬೆಟ್ಟವಾಗಿ ನಿಂತ ಬೂದು ಬಂಡೆ ಹುಟ್ಟಿದ್ದು ಭೂಮಿಯ ಒಳಗೆ. ಗಣಿಯ ಆಳದಲ್ಲಿ ಸಿಗುವ ಕರಿಕಲ್ಲು ಹುಟ್ಟಿದ್ದು ಹೊರಗೆ, ಪುರಾತನ ಸಮುದ್ರದ ತಳದಲ್ಲಿ. ಇದು ಹೇಗೆ?

ಆಳದಲ್ಲಿ ಕರಗಿದ ಕಲ್ಲಿಗೆ ಶಿಲಾಪಾಕ ಎನ್ನುತ್ತಾರೆ. ಅದು ಆರಿ ಗಟ್ಟಿಯಾದದ್ದೇ ಅಗ್ನಿಶಿಲೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವವರಿಗೆ ಇದರ ಮರ್ಮ ಬೇಗ ತಿಳಿದೀತು. ಅಚ್ಚಿಗೆ ಸುರಿದ ಪಾಕ ಬೇಗ ಆರಿ ನುಣ್ಣಗೆ ಗಟ್ಟಿಯಾಗುತ್ತದೆ. ಸಕ್ಕರೆ ಪಾಕವನ್ನು ದಿನಗಟ್ಟಲೆ ಅಲುಗಿಸದೆ ಇಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆಯಾಗುತ್ತದೆ. ಸಕ್ಕರೆ ಒಂದೇ, ಆರುವ ಅವಧಿ ಬೇರೆ.

ಶಿಲಾಪಾಕವೂ ಹೀಗೆಯೇ. ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿ ಸಿಕ್ಕಿಕೊಂಡರೆ ಅದು ಆರಲು ಸಾವಿರಾರು, ಲಕ್ಷಾಂತರ ವರ್ಷ ಬೇಕು. ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ಬೆಳೆಯುತ್ತವೆ. ಇದು ಅಂತಸ್ಸರಣ ಶಿಲೆ. ಗ್ರಾನೈಟ್ ಇದರ ಪ್ರಸಿದ್ಧ ಮಾದರಿ. ಹೊರಗೆ ಉಕ್ಕಿ ಲಾವಾರಸವಾಗಿ ಹರಿದರೆ ಬೇಗ ಆರಿ ನುಣುಪು ಕಣದ ಕಲ್ಲಾಗುತ್ತದೆ. ಇದು ಬಹಿಸ್ಸರಣ ಶಿಲೆ; ಬಸಾಲ್ಟ್ ಇದರ ಮಾದರಿ. ಬಣ್ಣದ ವಿಚಾರವೇ ಬೇರೆ. ಅದು ಪಾಕದಲ್ಲಿರುವ ಖನಿಜಗಳನ್ನು ಅವಲಂಬಿಸಿದ್ದು. ಬಸಾಲ್ಟಿನ ಪಾಕವೇ ಆಳದಲ್ಲಿ ನಿಧಾನವಾಗಿ ಆರಿದರೆ ದಪ್ಪ ಹರಳಿನ ಗ್ಯಾಬ್ರೊ. ಗ್ರಾನೈಟಿನ ಪಾಕ ಹೊರಗೆ ಉಕ್ಕಿದರೆ ರಯೋಲೈಟ್.

ಕೋಲಾರದ ಕರಿಕಲ್ಲಿನ ಪಟ್ಟಿ ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ ಚಾಚಿದೆ. ಅಗಲ ಮಾತ್ರ ಕೆಲವೇ ಕಿಲೋಮೀಟರ್. ಸುಮಾರು 270 ಕೋಟಿ ವರ್ಷಗಳ ಹಿಂದೆ ಹರಿದ ಬಸಾಲ್ಟ್ ಲಾವಾ ಇದು. ಬಳಿಕ ಭೂಚಲನೆಯ ಒತ್ತಡಕ್ಕೆ ಸಿಕ್ಕಿ ಪದರಗಳು ಮಡಿಚಿ, ಬಹುತೇಕ ನೆಟ್ಟಗೆ ನಿಂತವು. ಕಲ್ಲು ಅಂಫಿಬೊಲೈಟ್ ಆಗಿ ಮಾರ್ಪಟ್ಟಿತು. ಹೊರಗೆ ಹರಿದ ಲಾವಾ ಆಳಕ್ಕೆ ಇಳಿದದ್ದು ಹೀಗೆ. ಚಾಂಪಿಯನ್ ರೀಫ್ ಗಣಿಯಲ್ಲಿ 3 ಕಿಲೋಮೀಟರಿಗೂ ಕೆಳಗೆ ಕೆಲಸಗಾರರು ಬೆವರಿಳಿಸಿ ಕೊರೆದದ್ದು ಈ ಕಲ್ಲನ್ನೇ. ಅತ್ತ ಬೂದು ಬಂಡೆಗಳ ಮೇಲಿದ್ದ ನೆಲವನ್ನು ಮಳೆ, ಗಾಳಿ ಯುಗಯುಗಗಳ ಕಾಲ ಸವೆಸಿದವು. ಆ ಬೆಟ್ಟಗಳು ಬೆಳೆದು ನಿಂತವಲ್ಲ, ಬಯಲಾದವು.

ಮಾರ್ಪಟ್ಟ ಕಲ್ಲಿನಲ್ಲಿ ಹಳೆಯ ಹರಳು ಉಳಿದಿಲ್ಲ. ಆದರೂ ಅದು ಲಾವಾ ಎಂದು ಹೇಳುವ ಗುರುತು ಉಳಿದಿದೆ. ನೀರಿಗೆ ಇಳಿದ ಲಾವಾ ತಕ್ಷಣ ಹೊರಸಿಪ್ಪೆ ಕಟ್ಟಿಕೊಂಡು ದಿಂಬಿನಂತೆ ಉಬ್ಬುತ್ತದೆ. ಒಂದರ ಮೇಲೊಂದು ಒರಗುತ್ತದೆ. ಇಂಥ ದಿಂಬು ಲಾವಾ, ಜ್ವಾಲಾಮುಖಿಯಿಂದ ಸಿಡಿದ ಚೂರುಗಳಿಂದಾದ ಶಿಲೆ, ಎರಡೂ ಪೆದ್ದಪಲ್ಲಿಯ ಬಳಿ ಇವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಒಳಗೂ ಹೊರಗೂ ನಡುವಿನ ಕಲ್ಲೂ ಇಲ್ಲುಂಟು. ಬಿರುಕುಗಳಿಗೆ ನುಗ್ಗಿ ಆರಿದ ಡಾಲರೈಟ್ ಗೋಡೆಗಳು ಕರಿಪಟ್ಟಿಯನ್ನು ಅಡ್ಡಲಾಗಿ ಸೀಳಿವೆ. ಅವುಗಳ ಕಣ ಬಸಾಲ್ಟಿಗಿಂತ ದಪ್ಪ, ಗ್ಯಾಬ್ರೊಗಿಂತ ಸಣ್ಣ. ಚಿನ್ನವಾದರೋ ಲಾವಾದೊಡನೆ ಹರಿದು ಬಂದದ್ದಲ್ಲ. ಕಲ್ಲು ಗಟ್ಟಿಯಾದ ಬಹುಕಾಲದ ಮೇಲೆ ಬಿರುಕುಗಳಲ್ಲಿ ಹಾದ ಬಿಸಿದ್ರವಗಳು ಬೆಣಚುಕಲ್ಲಿನೊಡನೆ ಅದನ್ನು ಬಿಟ್ಟುಹೋದವು.

2001ರಲ್ಲಿ ಗಣಿಗಳು ಮುಚ್ಚಿದವು. ಆಳದ ಸಾಕ್ಷಿ ಈಗ ಸುಲಭವಾಗಿ ಕೈಗೆ ಸಿಗದು. ಉಳಿದದ್ದು ನೆಲದ ಮೇಲಿನ ಬಂಡೆಗಳು. ಚಿನ್ನಕ್ಕೆ ಬೆಲೆಯಿತ್ತು, ಕಾವಲಿತ್ತು. ಪೆದ್ದಪಲ್ಲಿಯ ದಿಂಬುಗಲ್ಲಿಗೆ ಪೇಟೆಯಲ್ಲಿ ಜಲ್ಲಿಯ ಬೆಲೆಯಷ್ಟೇ. ಒಡೆದುಹೋದರೆ ಮಾತ್ರ, ಇಲ್ಲೊಮ್ಮೆ ಸಮುದ್ರವಿತ್ತು ಎಂದು ಹೇಳುವ ಗುರುತೇ ಅಳಿಸಿಹೋಗುತ್ತದೆ.